ತಾಲ್ಲೂಕುಗಳಿಗೆ ಅನುದಾನ ಹಂಚುವುದು ಹೇಗೆ: ನ್ಯಾಯವೂ ಉಳಿಯಬೇಕು, ಹಣವೂ ಕೆಲಸವಾಗಬೇಕು

ಅನುದಾನವನ್ನು ಎಲ್ಲ ತಾಲ್ಲೂಕುಗಳಿಗೂ ಸಮನಾಗಿ ಹಂಚಿದರೆ ಸಭೆಯಲ್ಲಿ ಯಾರೂ ತಕರಾರು ಎತ್ತುವುದಿಲ್ಲ, ಹಿಂದುಳಿದ ತಾಲ್ಲೂಕು ಮಾತ್ರ ಇದ್ದಲ್ಲೇ ಇರುತ್ತದೆ. ಹಿಂದುಳಿದ ತಾಲ್ಲೂಕಿಗೆ ಹೆಚ್ಚು ಬರೆದರೆ ಮಾರ್ಚ್ ಹೊತ್ತಿಗೆ ಅಲ್ಲಿ ಹಣ ಖರ್ಚಾಗದೆ ಉಳಿಯುತ್ತದೆ. ಮುಂದಿನ ವರ್ಷ ಅದೇ ಅಂಕಿ ಹಿಡಿದು, ‘ಕೊಟ್ಟದ್ದನ್ನೇ ಖರ್ಚು ಮಾಡಲಿಲ್ಲ, ಇನ್ನೂ ಏಕೆ ಕೊಡಬೇಕು’ ಎಂದು ಕೇಳುವವರು ಇರುತ್ತಾರೆ. ಜಿಲ್ಲಾ ಪಂಚಾಯಿತಿಯ ಯೋಜನಾ ಶಾಖೆ, ಪ್ರಾದೇಶಿಕ ಅಭಿವೃದ್ಧಿ ಮಂಡಳಿ, ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಇವರೆಲ್ಲ ಪ್ರತಿ ವರ್ಷ ಸಿಕ್ಕಿಕೊಳ್ಳುವ ಗಂಟು ಇದು. ಹಂಚಿಕೆ ಪಟ್ಟಿ ತಯಾರಿಸುವವರಿಗೂ ಅದನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುವ ಪಂಚಾಯಿತಿ ಸದಸ್ಯರಿಗೂ ನೆರವಾಗಲೆಂದು ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದೆ.

ಒಂದು ಮಾತು ಮೊದಲೇ ಹೇಳಬೇಕು. ನ್ಯಾಯಕ್ಕೂ ದಕ್ಷತೆಗೂ ಜಗಳ ಇರುವುದು ಸೂತ್ರದಲ್ಲಿ ಎಂದು ಬಹಳ ಜನ ಭಾವಿಸುತ್ತಾರೆ. ಸೂತ್ರದಲ್ಲಿರುವ ಜಗಳ ಚಿಕ್ಕದು, ಅರ್ಧ ದಿನದ ಲೆಕ್ಕದಲ್ಲಿ ಮುಗಿಯುತ್ತದೆ. ದೊಡ್ಡ ಜಗಳ ಖಾಲಿ ಹುದ್ದೆಗಳಲ್ಲಿ, ಅಂದಾಜು ದರದಲ್ಲಿ, ಹಣ ಬಿಡುಗಡೆಯ ದಿನಾಂಕದಲ್ಲಿ ಅಡಗಿದೆ. ಅಲ್ಲಿ ಕೈ ಹಾಕದೆ ಸೂತ್ರವನ್ನು ಮಾತ್ರ ತಿದ್ದಿದರೆ ಏನೂ ಬದಲಾಗುವುದಿಲ್ಲ.

ಹಣ ಯಾವ ಬಗೆಯದು

ಹಂಚುವ ಮುನ್ನ ಕೈಯಲ್ಲಿರುವ ಹಣಕ್ಕೆ ಎಷ್ಟು ಸ್ವಾತಂತ್ರ್ಯವಿದೆ ನೋಡಿ. ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಸಾಮಾನ್ಯವಾಗಿ 60:40ರ ಪಾಲು, ಅಂದರೆ ಕೇಂದ್ರದ್ದು 60, ರಾಜ್ಯದ್ದು 40. ಮಾರ್ಗಸೂಚಿ ದಿಲ್ಲಿಯಿಂದ ಬಂದಿರುತ್ತದೆ, ಸೂತ್ರ ಬದಲಿಸಲು ಜಾಗ ಕಡಿಮೆ. ಕೇಂದ್ರದ ತೆರಿಗೆ ಹಣವನ್ನು ಹೇಗೆ ಹಂಚಬೇಕೆಂದು ಹೇಳುವ 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40 ಮುಕ್ತ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ ಹಣಕ್ಕೆ ರಾಜ್ಯದ 2013ರ ಕಾಯ್ದೆಯೇ ಬೇಲಿ ಹಾಕಿದೆ. ಜನಸಂಖ್ಯೆಗೆ ತಕ್ಕಂತೆ ಶೇ 17.15 ಮತ್ತು ಶೇ 6.95, ಒಟ್ಟು ಶೇ 24.1.

ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವ ಮುಕ್ತ ಹಣವೇ ಸಮತೋಲನ ಸಾಧಿಸುವ ಸಾಧನ. ಅದು ಒಟ್ಟು ಮೊತ್ತದ ಐದನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದನ್ನು ಪೂರ್ತಿ ಹಿಂದುಳಿದ ಭಾಗಕ್ಕೇ ಕೊಡಿ. ಅಷ್ಟು ಚಿಕ್ಕ ಮೊತ್ತವನ್ನು ಎಲ್ಲರಿಗೂ ಚದುರಿಸಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ.

ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ಅಳೆಯಿರಿ

ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 35 ಸೂಚಕಗಳನ್ನು ಕೂಡಿಸಿದ ಒಂದು ಸೂಚ್ಯಂಕದಿಂದ ಆಗಿದ್ದ 175 ತಾಲ್ಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿರುವ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದಲ್ಲಿದ್ದವು. ನಿರೀಕ್ಷೆಯಂತೆಯೇ. ಆದರೆ 11 ಬೆಂಗಳೂರು ವಿಭಾಗದಲ್ಲೇ ಇದ್ದವು; ಕನಕಪುರ, ಪಾವಗಡ ಕೂಡ ಆ ಪಟ್ಟಿಯಲ್ಲಿದ್ದವು. ಜಿಲ್ಲೆ ಅಥವಾ ವಿಭಾಗದ ಸರಾಸರಿ ಹಿಡಿದಿದ್ದರೆ ಇವು ಕಾಣಿಸುತ್ತಲೇ ಇರಲಿಲ್ಲ.

ಆ ಸೂಚ್ಯಂಕವನ್ನು ಇಂದು ಬಳಸುವವರು ಎರಡು ಕಡೆ ಎಚ್ಚರವಾಗಿರಬೇಕು. ಅಂಕಿಗಳು ಎರಡು ದಶಕಕ್ಕೂ ಹಳೆಯವು. ಅದಕ್ಕಿಂತ ಮುಖ್ಯವಾಗಿ, 2017ರ ನಂತರ ಐವತ್ತಕ್ಕೂ ಹೆಚ್ಚು ಹೊಸ ತಾಲ್ಲೂಕುಗಳು ರಚನೆಯಾಗಿವೆ. ಹೊಸ ತಾಲ್ಲೂಕಿಗೆ ಮೂಲ ತಾಲ್ಲೂಕಿನ ಸೂಚ್ಯಂಕವನ್ನೇ ಅಂಟಿಸುವುದು ರೂಢಿ. ಮೂಲ ತಾಲ್ಲೂಕಿನ ಅಂಕವನ್ನು ಎತ್ತಿ ಹಿಡಿದಿದ್ದ ಪಟ್ಟಣ, ಆಸ್ಪತ್ರೆ, ಕಾಲೇಜು, ಬ್ಯಾಂಕು ಹಳೆಯ ಕೇಂದ್ರದಲ್ಲೇ ಉಳಿದು, ಹೊಸ ತಾಲ್ಲೂಕಿನ ಪಾಲಿಗೆ ಹಳ್ಳಿಗಳಷ್ಟೇ ಬಂದಿರುತ್ತವೆ. ಕಾಗದದಲ್ಲಿ ಅದು ಮುಂದುವರಿದ ತಾಲ್ಲೂಕು. ಹಾಗಾಗಿ ಹೊಸ ತಾಲ್ಲೂಕುಗಳಿಗೆ ಗ್ರಾಮ ಪಂಚಾಯಿತಿವಾರು ಅಂಕಿಗಳನ್ನು ಕೂಡಿಸಿ ಬೇರೆಯದೇ ಲೆಕ್ಕ ಮಾಡಿ. ಕೆಲಸ ಹೆಚ್ಚು, ನಿಜ, ಆದರೆ ಇದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ಅಡಿಪಾಯದಲ್ಲೇ ತಪ್ಪುತ್ತದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಸಮಿತಿ ರಚನೆಯಾದದ್ದಕ್ಕೂ ಅಂಕಿಗಳ ಈ ಹಳತನವೇ ಒಂದು ಕಾರಣ.

ಸೂಚಕಗಳು ಎಷ್ಟು ಬೇಕು

ಜಿಲ್ಲಾ ಮಟ್ಟದಲ್ಲಿ 35 ಬೇಡ. ಎಂಟರಿಂದ ಹತ್ತು ಸಾಕು. ಆಯ್ಕೆಗೆ ಮೂರು ಒರೆಗಲ್ಲು: ಪ್ರತಿ ವರ್ಷ ಹೊಸ ಅಂಕಿ ಸಿಗಬೇಕು, ಅನುದಾನ ಪಡೆಯುವವರೇ ಆ ಅಂಕಿ ತುಂಬುವಂತಿರಬಾರದು, ತಾಲ್ಲೂಕಿನ ಆಡಳಿತ ಮನಸ್ಸು ಮಾಡಿದರೆ ಬದಲಿಸಬಹುದಾದ ಸಂಗತಿ ಯಾವುದು, ಬದಲಿಸಲಾಗದ್ದು ಯಾವುದು ಎಂದು ಬೇರೆಬೇರೆ ಗುರುತಿಸಿರಬೇಕು. ಮಳೆ, ಅಂತರ್ಜಲದ ಆಳ, ಕಾಡಿನ ಪ್ರಮಾಣ, ಚದುರಿದ ವಸತಿ ಇವು ಬದಲಿಸಲಾಗದ ಕಷ್ಟಗಳು. ಇವಕ್ಕೆ ಪರಿಹಾರ ಕೊಡಬೇಕು. ತೆರಿಗೆ ವಸೂಲಿ, ಲೆಕ್ಕ ಪರಿಶೋಧನೆಯ ಬಾಕಿ, ಕೆಟ್ಟು ನಿಂತ ನೀರಿನ ಘಟಕ ಇವು ಆಡಳಿತದ ಕೈಯಲ್ಲಿರುವ ಸಂಗತಿಗಳು. ಇವಕ್ಕೆ ಪರಿಹಾರ ಕೊಟ್ಟರೆ ಸೋಮಾರಿತನಕ್ಕೆ ಅನುದಾನ ಕೊಟ್ಟಂತಾಗುತ್ತದೆ.

‘ಲಕ್ಷ ಜನಕ್ಕೆ ವೈದ್ಯರು’ ಎಂಬ ಸೂಚಕದಲ್ಲಿ ಜಿಲ್ಲಾಸ್ಪತ್ರೆ ಇರುವ ತಾಲ್ಲೂಕು ಸುಮ್ಮನೆ ಮೇಲೆ ಬರುತ್ತದೆ. ಆ ವೈದ್ಯರು ಇಡೀ ಜಿಲ್ಲೆಗೆ ಸೇರಿದವರು. ಬದಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಭರ್ತಿಯಾದ ಹುದ್ದೆಗಳ ಶೇಕಡಾವಾರು ತೆಗೆದುಕೊಳ್ಳಿ. ‘ತಲಾ ಬ್ಯಾಂಕ್ ಸಾಲ’ ಕೂಡ ಹಾಗೆಯೇ, ಒಂದು ಸಕ್ಕರೆ ಕಾರ್ಖಾನೆ ಇದ್ದರೆ ಇಡೀ ತಾಲ್ಲೂಕು ಶ್ರೀಮಂತವಾಗಿ ಕಾಣುತ್ತದೆ. ಜನಸಂಖ್ಯೆಗೆ 2011ರ ಗಣತಿಯನ್ನೇ ಆಧಾರ ಮಾಡಿಕೊಂಡರೂ ಶಾಲಾ ದಾಖಲಾತಿ ಮತ್ತು ಪಡಿತರ ಚೀಟಿಗಳ ಸಂಖ್ಯೆಯ ಜೊತೆ ಒಮ್ಮೆ ತಾಳೆ ನೋಡಿ. ವಲಸೆ ಹೆಚ್ಚಿರುವ ಯಾದಗಿರಿ, ರಾಯಚೂರಿನಂಥ ಕಡೆ ಈ ತಾಳೆ ತುಂಬ ಹೇಳುತ್ತದೆ.

ಬೇರೆಬೇರೆ ಅಳತೆಯ ಸೂಚಕಗಳನ್ನು ಕೂಡಿಸಲು ಪ್ರತಿಯೊಂದನ್ನೂ ರಾಜ್ಯದ ಸರಾಸರಿಯಿಂದ ಭಾಗಿಸಿ. ಶಿಶು ಮರಣದಂತೆ ‘ಕಡಿಮೆ ಇದ್ದಷ್ಟೂ ಒಳ್ಳೆಯದು’ ಎಂಬ ಸೂಚಕವಾದರೆ ಭಾಗಾಕಾರವನ್ನು ತಿರುಗಿಸಿ, ಅಂದರೆ ಸರಾಸರಿಯನ್ನು ತಾಲ್ಲೂಕಿನ ಅಂಕಿಯಿಂದ ಭಾಗಿಸಿ. ಇದನ್ನು ತಿರುಗಿಸಲು ಮರೆತ ಪಟ್ಟಿಗಳಲ್ಲಿ ಮಕ್ಕಳು ಹೆಚ್ಚು ಸಾಯುವ ತಾಲ್ಲೂಕಿಗೆ ಹೆಚ್ಚು ಅಂಕ ಬಿದ್ದಿರುತ್ತದೆ. ಎಕ್ಸೆಲ್ ಹಾಳೆ ತಪ್ಪನ್ನು ಹೇಳುವುದಿಲ್ಲ, ನಾವೇ ನೋಡಬೇಕು.

ಲೆಕ್ಕ

ಮೂರು ಕಾಲ್ಪನಿಕ ತಾಲ್ಲೂಕುಗಳನ್ನು ಇಟ್ಟುಕೊಂಡು 30 ಕೋಟಿ ರೂ. ಹಂಚೋಣ. ‘ಅ’ದಲ್ಲಿ 3 ಲಕ್ಷ ಜನ, ಸೂಚ್ಯಂಕ 1.10. ‘ಬ’ದಲ್ಲಿ 2 ಲಕ್ಷ ಜನ, ಸೂಚ್ಯಂಕ 0.85. ‘ಕ’ದಲ್ಲಿ 1 ಲಕ್ಷ ಜನ, ಸೂಚ್ಯಂಕ 0.60.

ಮೊದಲು 3 ಕೋಟಿ ಎತ್ತಿಡಿ. ಅದರಲ್ಲಿ 1 ಕೋಟಿ ಸಿಬ್ಬಂದಿ ಬಲಕ್ಕೆ, 2 ಕೋಟಿ ಸುಧಾರಣೆಯ ಪಾಲಿಗೆ. ಎರಡಕ್ಕೂ ಮುಂದೆ ಬರುತ್ತೇವೆ. ಉಳಿದ 27 ಕೋಟಿಯಲ್ಲಿ ಶೇ 60, ಅಂದರೆ 16.2 ಕೋಟಿಯನ್ನು ಅಗತ್ಯದ ಆಧಾರದ ಮೇಲೂ ಶೇ 40, ಅಂದರೆ 10.8 ಕೋಟಿಯನ್ನು ಜನಸಂಖ್ಯೆಯ ಆಧಾರದ ಮೇಲೂ ಹಂಚಬೇಕು.

ಅಗತ್ಯ ಲೆಕ್ಕ ಹಾಕಲು ಒಂದು ಗುರಿ ಮಟ್ಟ ಬೇಕು. ಅತ್ಯುತ್ತಮ ತಾಲ್ಲೂಕಿನ ಸೂಚ್ಯಂಕಕ್ಕಿಂತ ಸ್ವಲ್ಪ ಮೇಲಿಡಿ, ಇಲ್ಲಿ 1.20 ಎನ್ನೋಣ. ಅತ್ಯುತ್ತಮ ತಾಲ್ಲೂಕನ್ನೇ ಗುರಿ ಮಾಡಿದರೆ ಅದರ ಅಗತ್ಯ ಸೊನ್ನೆಯಾಗಿ, ಅಲ್ಲಿರುವ ಬಡವರ ಕೇರಿಗಳಿಗೆ ಅಗತ್ಯದ ಬಾಬ್ತಿನಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ಗುರಿಯಿಂದ ದೂರ: ಅ 0.10, ಬ 0.35, ಕ 0.60. ಈಗ ಈ ದೂರವನ್ನು ಜನಸಂಖ್ಯೆಯಿಂದ ಗುಣಿಸಿ. ಲಕ್ಷಗಳಲ್ಲಿ ಅ 0.30, ಬ 0.70, ಕ 0.60, ಒಟ್ಟು 1.60. ಹಾಗಾಗಿ ಅಗತ್ಯದ ಪಾಲು ಅ ಶೇ 18.75, ಬ ಶೇ 43.75, ಕ ಶೇ 37.5.

16.2 ಕೋಟಿಯನ್ನು ಹೀಗೆ ಹಂಚಿದರೆ ಅ 3.0375, ಬ 7.0875, ಕ 6.075 ಕೋಟಿ. ಜನಸಂಖ್ಯೆಯ 10.8 ಕೋಟಿಯಲ್ಲಿ ಅ 5.4, ಬ 3.6, ಕ 1.8. ಒಟ್ಟು ಅ 8.4375, ಬ 10.6875, ಕ 7.875 ಕೋಟಿ. ತಲಾವಾರು ನೋಡಿದರೆ ಅ ಸುಮಾರು 281 ರೂ., ಬ 534 ರೂ., ಕ 788 ರೂ. ಅತಿ ಹಿಂದೆ ಉಳಿದ ತಾಲ್ಲೂಕಿನ ಒಬ್ಬ ವ್ಯಕ್ತಿಗೆ ಮುಂದುವರಿದ ತಾಲ್ಲೂಕಿನವನ 2.8 ಪಟ್ಟು ಹಣ ಹೋಗುತ್ತದೆ. ಸಭೆಯಲ್ಲಿ ತಲಾವಾರು ಅಂಕಿಯನ್ನೇ ಮುಂದಿಡಿ. ಒಟ್ಟು ಮೊತ್ತ ನೋಡಿದರೆ ‘ಅ’ಗೆ ‘ಕ’ಗಿಂತ ಹೆಚ್ಚು ಸಿಕ್ಕಂತೆ ಕಾಣುತ್ತದೆ, ಎರಡೂ ಕಡೆಯವರು ತಮಗೆ ಅನ್ಯಾಯವಾಯಿತು ಎನ್ನುತ್ತಾರೆ.

ದೂರವನ್ನು ಜನಸಂಖ್ಯೆಯಿಂದ ಗುಣಿಸದೆ ಬಿಡುವುದು ತೀರ ಸಾಮಾನ್ಯ ತಪ್ಪು. ಆಗ ಅಗತ್ಯದ ಪಾಲು ಅ ಶೇ 9.5, ಬ ಶೇ 33.3, ಕ ಶೇ 57.1 ಆಗುತ್ತದೆ; ಕ ತಾಲ್ಲೂಕಿನ ತಲಾ ಮೊತ್ತ 1,106 ರೂ.ಗೆ ಏರಿ, ಅ ತಾಲ್ಲೂಕಿನದು 231ಕ್ಕೆ ಇಳಿಯುತ್ತದೆ. ನ್ಯಾಯ ಹೆಚ್ಚಾಯಿತು ಎನಿಸಬಹುದು. ಆದರೆ ಇಲ್ಲಿ ತಾಲ್ಲೂಕಿಗೆ ತೂಕ ಸಿಕ್ಕಿತೇ ಹೊರತು ಮನುಷ್ಯರಿಗಲ್ಲ. ಎರಡು ಲಕ್ಷ ಜನರ ‘ಬ’ದಲ್ಲಿರುವ ಬಡವರ ಸಂಖ್ಯೆ ‘ಕ’ಗಿಂತ ಹೆಚ್ಚಿದ್ದರೂ ಅವರ ಪಾಲು ಕುಗ್ಗಿತು.

ಇದೇ ತತ್ವ ದಿಲ್ಲಿಯ ಮಟ್ಟದಲ್ಲೂ ಇದೆ. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಗಳ ಹಂಚಿಕೆಯ ಗಂಟಿನ ಶೇ 41ನ್ನು ರಾಜ್ಯಗಳ ನಡುವೆ ಹಂಚುವಾಗ ಆದಾಯದ ಅಂತರಕ್ಕೆ ಶೇ 45, ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಅರಣ್ಯಕ್ಕೆ 10, ಜನಸಂಖ್ಯೆ ನಿಯಂತ್ರಣದ ಸಾಧನೆಗೆ 12.5, ತೆರಿಗೆ ಪ್ರಯತ್ನಕ್ಕೆ 2.5 ತೂಕ ಕೊಟ್ಟಿತು. ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ 3.647ಕ್ಕೆ ಇಳಿಯಿತು. ನಮ್ಮ ರಾಜ್ಯದ ಅಸಮಾಧಾನ ನ್ಯಾಯವಾದದ್ದೇ. ತೆರಿಗೆ ಪ್ರಯತ್ನಕ್ಕೆ ಎರಡೂವರೆ ಅಂಕ ಮಾತ್ರ ಇಟ್ಟರೆ ಚೆನ್ನಾಗಿ ದುಡಿಯುವ ರಾಜ್ಯಕ್ಕೆ ಉತ್ಸಾಹ ಎಲ್ಲಿಂದ ಬರಬೇಕು? ಮೇಲ್ತೆರಿಗೆ ಮತ್ತು ಸೆಸ್ಸುಗಳು ಹಂಚಿಕೆಯ ಗಂಟಿನಿಂದಲೇ ಹೊರಗಿರುವುದು ಇನ್ನೊಂದು ಪೆಟ್ಟು. ಆದರೆ ದಿಲ್ಲಿಯಲ್ಲಿ ನಾವು ಹೂಡುವ ವಾದವನ್ನೇ ಬೆಂಗಳೂರು ನಗರ ಜಿಲ್ಲೆ ಯಾದಗಿರಿಯ ಎದುರು ಹೂಡಬಹುದು. ಅಲ್ಲಿ ಏನು ಉತ್ತರ ಕೊಡುತ್ತೇವೋ ಇಲ್ಲಿಯೂ ಅದೇ ಉತ್ತರಕ್ಕೆ ಬದ್ಧರಾಗಿರಬೇಕು. ಅಗತ್ಯಕ್ಕೆ ಶೇ 60 ಎಂದು ಮೇಲೆ ಇಟ್ಟದ್ದು, ಪ್ರಯತ್ನಕ್ಕೆ ಎರಡೂವರೆಗಿಂತ ಹೆಚ್ಚು ತೂಕದ ಪ್ರತ್ಯೇಕ ಗಂಟು ಇಟ್ಟದ್ದು, ಎರಡೂ ಈ ಕಾರಣಕ್ಕೆ.

ಸೂತ್ರ ಜಾರಿಗೆ ಬಂದ ಮೊದಲ ವರ್ಷ ಯಾವ ತಾಲ್ಲೂಕೂ ಹಿಂದಿನ ವರ್ಷಕ್ಕಿಂತ ಶೇ 10ಕ್ಕೂ ಹೆಚ್ಚು ಕಳೆದುಕೊಳ್ಳದಂತೆ ತಳಮಿತಿ ಹಾಕಿ. ನಡೆಯುತ್ತಿರುವ ಕಾಮಗಾರಿಗಳು ಅರ್ಧಕ್ಕೆ ನಿಂತರೆ ಅದಕ್ಕಿಂತ ದೊಡ್ಡ ಪೋಲು ಇಲ್ಲ. ಸೂಚ್ಯಂಕವನ್ನು ಐದು ವರ್ಷಕ್ಕೆ ಸ್ಥಿರವಾಗಿಡಿ. ಪ್ರತಿ ವರ್ಷ ಬದಲಿಸಿದರೆ ಸುಧಾರಿಸಿದ ತಾಲ್ಲೂಕಿಗೆ ಮರುವರ್ಷವೇ ಅನುದಾನ ಕಡಿತ, ಸುಧಾರಿಸದಿರುವುದೇ ಲಾಭ ಎಂಬ ಪಾಠ.

ಒಂದೇ ಕೆಲಸಕ್ಕೆ ಎಲ್ಲ ಕಡೆ ಒಂದೇ ಖರ್ಚಲ್ಲ

ಬಯಲುಸೀಮೆಯ ಒತ್ತಾದ ಊರಿನಲ್ಲಿ 200 ಮನೆಗೆ 2 ಕಿಲೋಮೀಟರ್ ಕೊಳವೆ ಸಾಕಾದರೆ ಮನೆಗೆ 10 ಮೀಟರ್. ಮಲೆನಾಡಿನ ಚದುರಿದ 40 ಮನೆಗೆ 4 ಕಿಲೋಮೀಟರ್ ಬೇಕಾದರೆ ಮನೆಗೆ 100 ಮೀಟರ್. ಒಂದು ಮನೆಗೆ ಇಷ್ಟೇ ಎಂದು ದರ ನಿಗದಿ ಮಾಡಿದರೆ ಮಲೆನಾಡಿನ ಎಂಜಿನಿಯರ್ ರಸ್ತೆಬದಿಯ ಹತ್ತು ಮನೆಗೆ ನೀರು ಕೊಟ್ಟು ಗುರಿ ಮುಟ್ಟಿಸುತ್ತಾನೆ. ಗುಡ್ಡದ ಮೇಲಿನ ಮನೆಗಳು ಹಾಗೆಯೇ ಉಳಿಯುತ್ತವೆ. ‘ಕಡಿಮೆ ಖರ್ಚಿನಲ್ಲಿ ಹೆಚ್ಚು ಸಂಪರ್ಕ’ ಎಂದು ವರದಿಯಲ್ಲಿ ದಕ್ಷತೆಯೂ ಕಾಣುತ್ತದೆ.

ಪರಿಹಾರ ಸರಳ. ಲೋಕೋಪಯೋಗಿ ಇಲಾಖೆಯ ಎಸ್‌ಆರ್, ಅಂದರೆ ಕಾಮಗಾರಿಗಳ ದರಪಟ್ಟಿ, ಸಾಮಗ್ರಿ ಮತ್ತು ಕೂಲಿಯ ವ್ಯತ್ಯಾಸವನ್ನು ಮಾತ್ರ ಹಿಡಿಯುತ್ತದೆ. ಅದರ ಮೇಲೆ ವಸತಿಯ ಚದುರುವಿಕೆಗೊಂದು ಗುಣಾಂಕ ಸೇರಿಸಿ: ಚದರ ಕಿಲೋಮೀಟರಿಗೆ ಎಷ್ಟು ಮನೆ ಎಂದು ನೋಡಿ ತಾಲ್ಲೂಕುಗಳನ್ನು ಮೂರು ಗುಂಪು ಮಾಡಿ, ಹಿಂದಿನ ಮೂರು ವರ್ಷದ ಮುಗಿದ ಕಾಮಗಾರಿಗಳ ನಿಜವಾದ ತಲಾ ಖರ್ಚಿನಿಂದ ಗುಣಾಂಕ ತೆಗೆಯಿರಿ. ಅಂದಾಜುಪಟ್ಟಿಯಿಂದ ತೆಗೆಯಬೇಡಿ, ಅಂತಿಮ ಬಿಲ್ಲಿನಿಂದ ತೆಗೆಯಿರಿ.

ಗ್ರಾಮ ಪಂಚಾಯಿತಿಗಳ ನಡುವೆ ಹಂಚುವಾಗ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೆ ಒಂದು ಪಂಚಾಯಿತಿ. ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನಕ್ಕೂ ರಚಿಸಲು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಅವಕಾಶವಿದೆ. ಪಂಚಾಯಿತಿ ಚಿಕ್ಕದಿದ್ದರೂ ಬಿಲ್ ಕಲೆಕ್ಟರ್, ನೀರುಗಂಟಿ, ಡೇಟಾ ಎಂಟ್ರಿ ಆಪರೇಟರ್ ಬೇಕೇ ಬೇಕು. ಜನಸಂಖ್ಯೆಯನ್ನು ಮಾತ್ರ ಹಿಡಿದರೆ ಚಿಕ್ಕ ಪಂಚಾಯಿತಿಯ ಹಣ ಸಂಬಳ ಮತ್ತು ಕರೆಂಟ್ ಬಿಲ್ಲಿನಲ್ಲೇ ಕರಗುತ್ತದೆ. ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲನ್ನು ಎಲ್ಲ ಪಂಚಾಯಿತಿಗೂ ಸಮನಾಗಿ ಕೊಟ್ಟು, ಉಳಿದದ್ದನ್ನು ಸೂತ್ರದಂತೆ ಹಂಚಿ.

ಖರ್ಚು ಮಾಡುವ ಕೈ

ಹಿಂದುಳಿದ ತಾಲ್ಲೂಕು ಹಣ ಖರ್ಚು ಮಾಡುವುದಿಲ್ಲ ಎಂಬ ದೂರಿಗೆ ಹೆಚ್ಚಿನ ಸಲ ಉತ್ತರ ಇರುವುದು ಹಾಜರಾತಿ ಪುಸ್ತಕದಲ್ಲಿ. ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎರಡು ಪಂಚಾಯಿತಿಯ ಪ್ರಭಾರ, ಜೆಇಗೆ (ಕಿರಿಯ ಎಂಜಿನಿಯರ್) ಎರಡು ತಾಲ್ಲೂಕಿನ ಹೊಣೆ, ಲೆಕ್ಕ ಅಧೀಕ್ಷಕರ ಹುದ್ದೆ ಖಾಲಿ. ‘ಕ’ ತಾಲ್ಲೂಕಿನ 7.875 ಕೋಟಿಯನ್ನು ಸರಾಸರಿ 5 ಲಕ್ಷದ ಕಾಮಗಾರಿಗಳಾಗಿ ಒಡೆದರೆ 157 ಕಾಮಗಾರಿ. ಪ್ರತಿಯೊಂದಕ್ಕೂ ಸ್ಥಳ ಪರಿಶೀಲನೆ, ಅಂದಾಜು, ತಾಂತ್ರಿಕ ಮಂಜೂರಾತಿ, ಎಂಬಿ (ಅಳತೆ ಪುಸ್ತಕ) ದಾಖಲು, ಬಿಲ್ಲು. ಒಬ್ಬ ಜೆಇ ಇದನ್ನು ಒಂದು ವರ್ಷದಲ್ಲಿ ಪ್ರಾಮಾಣಿಕವಾಗಿ ಮಾಡಲು ಸಾಧ್ಯವಿಲ್ಲ. ಮಾಡಿದ್ದಾರೆ ಎಂದರೆ ಕುಳಿತಲ್ಲೇ ಎಂಬಿ ಬರೆದಿದ್ದಾರೆ ಎಂದೇ ಅರ್ಥ.

ಎತ್ತಿಟ್ಟ 1 ಕೋಟಿ ಇದಕ್ಕೆ. ಅಂದಾಜಿಗೆ ತಿಂಗಳಿಗೆ 40,000 ರೂ. ಎಂದಿಟ್ಟುಕೊಂಡು ‘ಕ’ ತಾಲ್ಲೂಕಿಗೆ ಇಬ್ಬರು ಗುತ್ತಿಗೆ ಎಂಜಿನಿಯರ್, ಒಬ್ಬ ಲೆಕ್ಕ ಸಹಾಯಕರನ್ನು ಕೊಟ್ಟರೆ ವರ್ಷಕ್ಕೆ 14.4 ಲಕ್ಷ. ಅದು ಆ ತಾಲ್ಲೂಕಿನ ಅನುದಾನದ ಶೇ 2ಕ್ಕಿಂತಲೂ ಕಡಿಮೆ. ಅವರಿಲ್ಲದೆ ಅನುದಾನದ ಮೂರನೇ ಒಂದು ಪಾಲು ವ್ಯಪಗತವಾದರೆ, ಅಂದರೆ ಖರ್ಚಾಗದೆ ಕೈತಪ್ಪಿದರೆ, ಹೋಗುವುದು 2.6 ಕೋಟಿ. ಹಣದ ಜೊತೆ ಸಿಬ್ಬಂದಿಯನ್ನು ಕೊಡದ ಹಂಚಿಕೆಯನ್ನು ನ್ಯಾಯ ಎಂದು ಕರೆಯಬಾರದು.

ಗುತ್ತಿಗೆ ನೇಮಕ ತಾತ್ಕಾಲಿಕ ಉಪಾಯ ಎಂಬುದೂ ನೆನಪಿರಲಿ. ಸ್ಥಿರ ದಾರಿ ಸ್ಥಳೀಯ ವೃಂದ, ಅಂದರೆ ಆ ಪ್ರದೇಶಕ್ಕೇ ಸೇರಿದ ಹುದ್ದೆಗಳ ಗುಂಪು. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿಯ ಜೊತೆಗೆ ಸ್ಥಳೀಯ ವೃಂದ ಮತ್ತು ನೇಮಕಾತಿಯಲ್ಲಿ ಮೀಸಲಾತಿಯನ್ನೂ ಕೊಟ್ಟಿದೆ. ಎರಡರಲ್ಲಿ ಹಣದ ಭಾಗಕ್ಕೇ ಹೆಚ್ಚು ಪ್ರಚಾರ. ಆದರೆ ಊರಿನವರೇ ಹುದ್ದೆಯಲ್ಲಿದ್ದರೆ ವರ್ಗಾವಣೆಗಾಗಿ ಬೆಂಗಳೂರಿಗೆ ಓಡಾಡುವುದು ತಪ್ಪುತ್ತದೆ, ಹುದ್ದೆ ಭರ್ತಿಯಾಗಿ ಉಳಿಯುತ್ತದೆ. ದೀರ್ಘಕಾಲದಲ್ಲಿ ಈ ಭಾಗವೇ ಹೆಚ್ಚು ಫಲ ಕೊಡುವಂಥದು. ಹಂಚಿಕೆ ಪಟ್ಟಿಯಲ್ಲಿ ಪ್ರತಿ ತಾಲ್ಲೂಕಿನ ಮೊತ್ತದ ಪಕ್ಕ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಎಂಬ ಎರಡು ಕಲಂ ಇಡಿ. ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಕಾಮಗಾರಿಗಳ ಸಂಖ್ಯೆ ತಗ್ಗಿಸಲು ಅಕ್ಕಪಕ್ಕದ ಊರುಗಳ ಒಂದೇ ಬಗೆಯ ಕೆಲಸಗಳನ್ನು ಒಂದೇ ಟೆಂಡರಿಗೆ ಸೇರಿಸಬಹುದು. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರಬೇಕು, ಅಷ್ಟೆ. ನಿಗದಿತ ಮೊತ್ತದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಾತಿ ಇದೆ. ಪ್ಯಾಕೇಜು ಆ ಮಿತಿ ದಾಟಿದರೆ ಅವರ ಅವಕಾಶ ಸದ್ದಿಲ್ಲದೆ ಹೋಗುತ್ತದೆ. ಚಾಲ್ತಿಯಲ್ಲಿರುವ ಮಿತಿ ನೋಡಿಕೊಂಡು ಅದರ ಕೆಳಗೇ ಪ್ಯಾಕೇಜು ಕಟ್ಟಿ.

ಸುಧಾರಣೆಗೆ ಕೊಡುವ 2 ಕೋಟಿ

ಸಾಧನೆಗೆ ಬಹುಮಾನ ಇರಲೇಬೇಕು, ಇಲ್ಲದಿದ್ದರೆ ಚೆನ್ನಾಗಿ ನಡೆಸುವವರಿಗೂ ಕೈಚೆಲ್ಲುವವರಿಗೂ ವ್ಯತ್ಯಾಸವೇ ಇಲ್ಲ. ಆದರೆ ನೇರ ಮಟ್ಟವನ್ನು ಅಳೆದರೆ ಮೊದಲೇ ಮುಂದಿದ್ದವರಿಗೇ ಪ್ರತಿ ವರ್ಷ ಬಹುಮಾನ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94, ಯಾದಗಿರಿ ಶೇ 50.59. ಈ ಎರಡರ ನಡುವೆ ಮಟ್ಟದ ಓಟ ಇಟ್ಟರೆ ಫಲಿತಾಂಶ ಮೊದಲೇ ಗೊತ್ತು. ಏರಿಕೆಯನ್ನು ಮಾತ್ರ ಅಳೆದರೆ ಉಲ್ಟಾ ಅನ್ಯಾಯ, ಮೇಲಿರುವವರಿಗೆ ಏರಲು ಜಾಗವೇ ಇರುವುದಿಲ್ಲ.

ಬಾಕಿ ಉಳಿದ ಅಂತರದಲ್ಲಿ ಎಷ್ಟನ್ನು ಮುಚ್ಚಿದಿರಿ ಎಂದು ಅಳೆಯುವುದು ಸರಿಯಾದ ದಾರಿ. 40ರಿಂದ 50ಕ್ಕೆ ಬಂದ ತಾಲ್ಲೂಕು 60ರ ಅಂತರದಲ್ಲಿ 10 ಮುಚ್ಚಿತು, ಶೇ 16.7. 88ರಿಂದ 90ಕ್ಕೆ ಬಂದದ್ದು 12ರ ಅಂತರದಲ್ಲಿ 2 ಮುಚ್ಚಿತು, ಅದೂ ಶೇ 16.7. ಇಬ್ಬರಿಗೂ ಸಮಾನ ಅಂಕ.

ಅಳತೆ ಮಾಡುವ ವಿಧಾನ ಬದಲಾದ ವರ್ಷ ಬಹುಮಾನದ ಲೆಕ್ಕ ಹಾಕಬೇಡಿ. ಅದೇ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಕಲಿಕೆ ಅಷ್ಟು ಕುಸಿಯಲು ಸಾಧ್ಯವಿಲ್ಲ, ಬದಲಾದದ್ದು ಅಳತೆಗೋಲು. ಖರ್ಚಿನ ಶೇಕಡಾವಾರನ್ನು ಸಾಧನೆ ಎಂದು ಎಣಿಸುವುದು ಇನ್ನೂ ಅಪಾಯ. ಮಾರ್ಚ್ 31ರೊಳಗೆ ಏನಾದರೂ ಕೊಂಡು ತುಂಬಿಸಿದರೂ ಶೇ 100 ಆಗುತ್ತದೆ. ವರ್ಷದ ನಂತರವೂ ನೀರು ಬರುತ್ತಿರುವ ನಲ್ಲಿ, ಬಾಗಿಲು ತೆರೆದ ಅಂಗನವಾಡಿ, ಮುಗಿದ ಲೆಕ್ಕ ಪರಿಶೋಧನೆ ಇಂಥವನ್ನು ಎಣಿಸಿ. ಎಣಿಸುವ ತಂಡ ಬೇರೆ ತಾಲ್ಲೂಕಿನದಾಗಿರಲಿ.

ದಿನಾಂಕಗಳು

ಕ್ಯಾಲೆಂಡರನ್ನು ಹಿಂದಿನಿಂದ ಬರೆಯಿರಿ. ಬಿಲ್ಲುಗಳು ಫೆಬ್ರವರಿ ಮುಗಿಯುವ ಮೊದಲು ಖಜಾನೆ-2ರಲ್ಲಿ (ರಾಜ್ಯದ ಆನ್‌ಲೈನ್ ಖಜಾನೆ ವ್ಯವಸ್ಥೆ) ಇರಬೇಕು, ಮಾರ್ಚ್ ಕೊನೆಯ ವಾರದ ನೂಕುನುಗ್ಗಲಿನಲ್ಲಿ ದೂರದ ತಾಲ್ಲೂಕಿನ ಬಿಲ್ಲೇ ಹಿಂದೆ ಬೀಳುತ್ತದೆ. ಅದಕ್ಕೆ ಕಾಮಗಾರಿ ಅಕ್ಟೋಬರಿನಲ್ಲಿ, ಮಳೆ ನಿಂತ ಕೂಡಲೇ ಶುರುವಾಗಬೇಕು. ಅದಕ್ಕೆ ಟೆಂಡರ್ ಜೂನ್–ಜುಲೈನಲ್ಲಿ ಕರೆಯಬೇಕು. ಅಂದರೆ ಕ್ರಿಯಾಯೋಜನೆಗೆ (ವರ್ಷದ ಕಾಮಗಾರಿಗಳ ಪಟ್ಟಿ) ಮೇ ತಿಂಗಳಲ್ಲೇ ಅನುಮೋದನೆ ಸಿಗಬೇಕು. ಅನುಮೋದನೆ ಆಗಸ್ಟಿಗೆ ಜಾರಿದರೆ ಮುಂದುವರಿದ ತಾಲ್ಲೂಕು ಹೇಗೋ ಸುಧಾರಿಸಿಕೊಳ್ಳುತ್ತದೆ, ಅಲ್ಲಿ ಎಂಜಿನಿಯರುಗಳೂ ಗುತ್ತಿಗೆದಾರರೂ ಇದ್ದಾರೆ. ತಡದ ಏಟು ಬೀಳುವುದು ಹಿಂದುಳಿದ ತಾಲ್ಲೂಕಿಗೆ.

ಮೊದಲ ಕಂತನ್ನು ಷರತ್ತಿಲ್ಲದೆ ಬಿಡುಗಡೆ ಮಾಡಿ. ಎರಡನೆಯದಕ್ಕೆ ಹಣ ಬಳಕೆ ಪ್ರಮಾಣಪತ್ರ ಕೇಳುವುದು ಸರಿ, ಆದರೆ ಮೊದಲ ಕಂತಿನ ಶೇ 60 ಖರ್ಚಾಗಿದ್ದರೆ ಸಾಕು ಎಂದಿಡಿ. ಪೂರ್ತಿ ಖರ್ಚು ಕೇಳಿದರೆ ಒಂದು ಕಾಮಗಾರಿಯ ಕೋರ್ಟ್ ತಡೆಯಾಜ್ಞೆಯಿಂದ ಇಡೀ ತಾಲ್ಲೂಕಿನ ಹಣ ನಿಲ್ಲುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕೇಂದ್ರದಿಂದ ಬಂದ ಹಣವನ್ನು ರಾಜ್ಯ 10 ಕೆಲಸದ ದಿನಗಳೊಳಗೆ ಸ್ಥಳೀಯ ಸಂಸ್ಥೆಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂಬ ನಿಯಮವಿತ್ತು. ರಾಜ್ಯದ ಸ್ವಂತ ಅನುದಾನಕ್ಕೂ ಇಂಥದೇ ನಿಯಮ ಬೇಕು. ಕೆಳಗಿನವರಿಗೆ ಗಡುವು ಹಾಕುವವರು ಮೇಲಿನವರಿಗೂ ಹಾಕಿಕೊಳ್ಳಬೇಕು. ಅದೇ ಆಯೋಗ ಚುನಾಯಿತ ಸಂಸ್ಥೆ ಇರಬೇಕೆಂದು ಷರತ್ತು ಹಾಕಿತ್ತು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಸಮಯಕ್ಕೆ ಚುನಾವಣೆ ನಡೆಯದಿದ್ದದ್ದು ಪ್ರಜಾಪ್ರಭುತ್ವದ ಪ್ರಶ್ನೆ ಮಾತ್ರವಲ್ಲ, ನೇರವಾಗಿ ಹಣದ ಪ್ರಶ್ನೆಯೂ ಹೌದು.

ತಾಲ್ಲೂಕಿನ ಒಳಗೆ

ಇಲ್ಲಿಯವರೆಗಿನ ಲೆಕ್ಕವೆಲ್ಲ ಸರಿಯಾಗಿದ್ದೂ ಹಣ ಹೋಬಳಿ ಕೇಂದ್ರದ ಕಾಂಕ್ರೀಟ್ ರಸ್ತೆಗೇ ಹೋಗಬಹುದು. ಕ್ರಿಯಾಯೋಜನೆಯನ್ನು ಪಂಚಾಯಿತಿವಾರು ತೋರಿಸಿದರೆ ಇದು ಕಾಣುವುದಿಲ್ಲ. ಜನವಸತಿವಾರು ತೋರಿಸಿ: ಮುಖ್ಯ ಊರು, ಕೇರಿ, ತಾಂಡಾ, ಹಟ್ಟಿ, ಹಾಡಿ ಪ್ರತಿಯೊಂದಕ್ಕೂ ಒಂದು ಸಾಲು, ಹಿಂದಿನ ಐದು ವರ್ಷದಲ್ಲಿ ಅಲ್ಲಿ ಆದ ಖರ್ಚು ಪಕ್ಕದಲ್ಲಿ. ಸೊನ್ನೆ ಇರುವ ಸಾಲುಗಳಿಗೆ ಈ ವರ್ಷ ಮೊದಲ ಸರದಿ. ವಾರ್ಡ್ ಸಭೆಯಲ್ಲಿ ಈ ಹಾಳೆಯನ್ನು ಓದಿ ಹೇಳಿಯೇ ಗ್ರಾಮಸಭೆಗೆ ಹೋಗಬೇಕು, ಏಕೆಂದರೆ ದೂರದ ತಾಂಡಾದವರು ಗ್ರಾಮಸಭೆಗೆ ಬರುವ ಹೊತ್ತಿಗೆ ಪಟ್ಟಿ ಸಿದ್ಧವಾಗಿರುತ್ತದೆ. ಕಬ್ಬು ಕಡಿಯಲು ಗುಳೆ ಹೋಗುವ ಊರುಗಳಲ್ಲಿ ಸಭೆಯನ್ನು ಅವರು ಊರಲ್ಲಿರುವ ತಿಂಗಳಲ್ಲಿ ಇಡಿ.

ಕೊನೆಗೆ ಹಂಚಿಕೆಯ ಹಾಳೆಯನ್ನು ಮೊತ್ತಗಳ ಜೊತೆಗೆ ಸೂಚಕ, ತೂಕ, ಗುಣಾಂಕ ಸಮೇತ ಕನ್ನಡದಲ್ಲಿ ಪ್ರಕಟಿಸಿ. ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಿ ನೋಡುವಂತಿರಬೇಕು. ಆಕ್ಷೇಪಣೆಗೆ 15 ದಿನ ಕೊಡಿ, ಅಂಕಿ ತಪ್ಪು ಎಂಬ ಆಕ್ಷೇಪಣೆ ಬಂದರೆ ತಿದ್ದಿ, ತೂಕ ಬದಲಿಸಿ ಎಂಬ ಬೇಡಿಕೆಯನ್ನು ಮುಂದಿನ ಐದು ವರ್ಷದ ಪರಿಷ್ಕರಣೆಗೆ ದಾಖಲಿಸಿಟ್ಟುಕೊಳ್ಳಿ. ಈ ಎರಡನ್ನು ಬೇರೆ ಮಾಡದಿದ್ದರೆ ಪ್ರಭಾವ ಇರುವ ತಾಲ್ಲೂಕು ಅಂಕಿಯ ತಕರಾರಿನ ಹೆಸರಿನಲ್ಲಿ ತೂಕವನ್ನೇ ಬದಲಿಸಿಕೊಂಡು ಹೋಗುತ್ತದೆ.